ಗುಡ್ಡ ಹತ್ತಿದ ಪ್ರಾರ್ಥನಾಲಯ: ಐರ್ಲೆಂಡಿನ ಕಿಲ್ಲಲೂ

ಐರ್ಲೆಂಡಿನ ಅತಿ ಉದ್ದದ ನದಿ ಶಾನನ್. ಅದು ಲಾಕ್ ಡರ್ಗ್ ಎಂಬ ವಿಶಾಲ ಸರೋವರವಾಗಿ ಹರಡಿಕೊಂಡು ಮತ್ತೆ ನದಿಯಾಗಿ ಹೊರಡುವ ಜಾಗದಲ್ಲಿದೆ ಕಿಲ್ಲಲೂ. ಪುಟ್ಟ ಊರು. ಹದಿಮೂರು ಕಮಾನಿನ ಕಲ್ಲಿನ ಸೇತುವೆಯ ಪಶ್ಚಿಮಕ್ಕೆ ಕ್ಲೇರ್ ಕೌಂಟಿಯ ಕಿಲ್ಲಲೂ, ಪೂರ್ವಕ್ಕೆ ಟಿಪ್ಪರರಿಯ ಬ್ಯಾಲಿನಾ. ಆ ಸೇತುವೆ ತೀರಾ ಇಕ್ಕಟ್ಟು. ವಾಹನಗಳು ಸರದಿ ಕಾದು ದಾಟಬೇಕಿತ್ತು. 2025ರಲ್ಲಿ ಕೆಳಗಡೆ ಹೊಸ ಸೇತುವೆಯಾಯಿತು. ಅದಕ್ಕೆ ಬ್ರಯನ್ ಬೋರುವಿನ ಹೆಸರು.

ಇಲ್ಲಿ ಬೇರೆ ಹೆಸರು ಸಲ್ಲುತ್ತಲೂ ಇರಲಿಲ್ಲ. 10ನೇ ಶತಮಾನದಲ್ಲಿ ಈ ಸೀಮೆಯಲ್ಲೇ ಹುಟ್ಟಿದ ಬ್ರಯನ್ 1002ರಲ್ಲಿ ಐರ್ಲೆಂಡಿನ ಅಧಿರಾಜನಾದ. ಅವನ ಅರಮನೆ ಕಿಂಕೋರಾ, ಊರಿನ ಗುಡ್ಡದ ನೆತ್ತಿಯಲ್ಲಿತ್ತು ಎನ್ನುತ್ತಾರೆ. ಈಗ ಅದರ ಕುರುಹೂ ಇಲ್ಲ. 12ನೇ ಶತಮಾನದಲ್ಲಿ ಕನಾಟ್‌ನ ಅರಸ ಟರ್ಲೊ ಓಕಾನರ್ ಅದನ್ನು ಕೆಡವಿ, ಕಲ್ಲು ಮರಗಳನ್ನು ಶಾನನ್ನಿಗೆ ಎಸೆಸಿದ. ಊರಾಚೆ, ಸರೋವರದ ಮಗ್ಗುಲಲ್ಲಿ, ಬೇಲ್ ಬೋರು ಎಂಬ ದುಂಡನೆಯ ಮಣ್ಣಿನ ಕೋಟೆ ಮಾತ್ರ ಮರಗಳ ನೆರಳಲ್ಲಿ ಉಳಿದಿದೆ.

1014ರ ಏಪ್ರಿಲ್ 23ರಂದು ಕ್ಲಾಂಟಾರ್ಫ್ ಕದನದಲ್ಲಿ ಬ್ರಯನ್ ಮಡಿದ. ಎದುರಾಳಿಗಳಲ್ಲಿ ಡಬ್ಲಿನ್ನಿನ ವೈಕಿಂಗರಿದ್ದರು. ಆದರೆ ಅವರ ದೊರೆ ಸಿಟ್ರಿಕ್ ಬ್ರಯನ್ನನ ಅಳಿಯನೇ! ವೈರವೂ ನೆಂಟಸ್ತಿಕೆಯೂ ಹೀಗೆ ಹೆಣೆದುಕೊಂಡಿದ್ದ ಕಾಲದ ಸಾಕ್ಷಿಯೊಂದು ಸಂತ ಫ್ಲಾನನ್ ಕೆಥೀಡ್ರಲ್‌ನೊಳಗಿದೆ. ಮುರಿದ ಶಿಲುಬೆಯ ಆ ತುಂಡು ಕಲ್ಲಿನ ಮೇಲೆ ಎರಡು ಲಿಪಿಗಳಿವೆ. ಶಿಲುಬೆ ಕೆತ್ತಿದವನು ಥಾರ್‌ಗ್ರಿಮ್ ಎಂದು ವೈಕಿಂಗರ ರೂನ್ ಲಿಪಿ ಹೇಳಿದರೆ, ಅವನಿಗೆ ಒಳಿತಾಗಲಿ ಎಂದು ಐರಿಷ್ ಓಗಮ್ ಲಿಪಿಯ ಗೀಟುಗಳು ಹರಸುತ್ತವೆ. ಕೆಥೀಡ್ರಲ್‌ನ ಕೆತ್ತನೆಯ ಬಾಗಿಲು ಮೋಹಕ, ನಿಜ; ಆದರೆ ಸಮಯ ಕಡಿಮೆಯಿದ್ದವರು ಈ ಕಲ್ಲಿನ ಮುಂದೆಯೇ ನಿಲ್ಲಲಿ.

ಇನ್ನೊಂದು ಕಥೆ ನೀರಿನದು. ಹೊಸದಾಗಿ ಸ್ವತಂತ್ರವಾದ ಐರ್ಲೆಂಡ್ 1925ರಲ್ಲಿ ಜರ್ಮನಿಯ ಸೀಮೆನ್ಸ್ ಕಂಪನಿಯ ನೆರವಿನಿಂದ ಶಾನನ್ನಿಗೆ ಅಡ್ಡ ಕಟ್ಟಿ, ಆರ್ಡ್ನಕ್ರುಶಾದಲ್ಲಿ ಜಲವಿದ್ಯುತ್ ಕೇಂದ್ರ ಕಟ್ಟಲು ಹೊರಟಿತು. 1929ರಲ್ಲಿ ಅದು ಶುರುವಾಯಿತು. ಬಡ ದೇಶದ ಎದೆಗಾರಿಕೆ ಮೆಚ್ಚಲೇಬೇಕಾದದ್ದು. ಆದರೆ ಕಟ್ಟೆಯ ಹಿಂದೆ ನೀರೇರಿದಾಗ ಮುಳುಗುವ ಸರದಿ ಫ್ರಯರ್ಸ್ ದ್ವೀಪದ್ದಾಗಿತ್ತು. ಅಲ್ಲಿ ಸಂತ ಮೊಲುವಾನ ಪುಟ್ಟ ಪ್ರಾರ್ಥನಾಲಯವಿತ್ತು. ಒಂದು ಭಾಗಕ್ಕೆ ಛಾವಣಿಯೂ ಕಲ್ಲಿನದೇ, ಕಡಿದಾದ ಇಳಿಜಾರಿನದು. ಅದನ್ನು ಮುಳುಗಲು ಬಿಡದೆ ಕಲ್ಲು ಕಲ್ಲಾಗಿ ಬಿಚ್ಚಿ, ಹೊಳೆ ದಾಟಿಸಿ, ಗುಡ್ಡಕ್ಕೆ ಹೊತ್ತು ಮತ್ತೆ ಜೋಡಿಸಿದರು. ವಿದ್ಯುತ್ತೂ ಬೇಕು, ಹಳೆಯದೂ ಉಳಿಯಬೇಕು ಎಂದು ಅಷ್ಟು ಶ್ರಮಪಟ್ಟ ಆ ತಲೆಮಾರಿಗೆ ಕೈಮುಗಿಯಬೇಕು.

ಕೆಥೀಡ್ರಲ್‌ನಿಂದ ಏರುದಾರಿ ಹಿಡಿದರೆ ಮೇಲೆ ಕ್ಯಾಥೊಲಿಕ್ ಚರ್ಚು ಸಿಗುತ್ತದೆ. ಕಿಂಕೋರಾ ಇತ್ತೆಂದು ಜನ ತೋರಿಸುವ ಜಾಗವೂ ಅದೇ. ಮೊಲುವಾನ ಪ್ರಾರ್ಥನಾಲಯ ಈಗಿರುವುದು ಆ ಚರ್ಚಿನ ಅಂಗಳದಲ್ಲಿ.