ಬ್ರೌಸರಿಗೂ ಮದ್ದು ಹೊಡೆಯುವ ಕಾಲ

ಕಾರ್ಗಲ್ ಸುತ್ತಿನ ಸದಸ್ಯ ಬಾಂಧವರು ಈಚೆಗೆ ಸಂಘದ ಕಛೇರಿಗೆ ಬಂದಾಗ ಅಡಿಕೆ ಧಾರಣೆಯ ಜೊತೆಗೆ ಇನ್ನೊಂದು ಮಾತನ್ನೂ ಕೇಳುತ್ತಿದ್ದಾರೆ. ಪಹಣಿ ನೋಡಲು ಹೋದರೆ ಪರದೆಯ ಮೇಲೆ ಎಚ್ಚರಿಕೆಯ ಚಿಹ್ನೆ ಬರುತ್ತದೆ, ಬೆಂಗಳೂರಿನಲ್ಲಿರುವ ಮಗ ‘ಅಪ್‌ಡೇಟ್ ಮಾಡಿ’ ಎನ್ನುತ್ತಾನೆ, ಮಾಡಿದರೆ ಇದ್ದದ್ದೂ ಹಾಳಾದೀತೇ ಎಂದು. ಅನುಮಾನ ಸಕಾರಣವಾದದ್ದೇ. ಆದ್ದರಿಂದ ಈ ಸಂಚಿಕೆಯಲ್ಲಿ ಕೊಳೆರೋಗವನ್ನು ಸ್ವಲ್ಪ ಬದಿಗಿಟ್ಟು ಇದನ್ನು ಬರೆಯುತ್ತಿದ್ದೇವೆ.

ಭೂಮಿ ತಾಣದ ಪಹಣಿ, ಫ್ರೂಟ್ಸ್ ನೋಂದಣಿ, ಸಂರಕ್ಷಣೆ ತಾಣದಲ್ಲಿ ಬೆಳೆ ವಿಮೆಯ ವಿವರ, ಜಿಎಸ್‌ಟಿ ಲೆಕ್ಕ, ಬ್ಯಾಂಕಿನ ವ್ಯವಹಾರ, ಇವಿಷ್ಟನ್ನೂ ನಾವು ನೋಡುವುದು ಬ್ರೌಸರ್ ಎಂಬ ಒಂದೇ ಕಿಟಕಿಯಿಂದ. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಎಂಬುವೇ ಆ ಕಿಟಕಿಗಳು. ಕಿಟಕಿ ಜೀರ್ಣವಾದರೆ ತೊಂದರೆ ಎರಡು ಬಗೆ: ಹೊರಗಿನದು ನಮಗೆ ಕಾಣದೆ ಹೋಗಬಹುದು, ಹೊರಗಿನವನು ಒಳಗೆ ನುಗ್ಗಬಹುದು.

ಕಾಣದೆ ಹೋಗುವ ಕಥೆ ನಮ್ಮ ಭಾಷೆಗೆ ಹೊಸದಲ್ಲ. 2000ದ ಆಸುಪಾಸಿನಲ್ಲಿ ಹಲವು ಕನ್ನಡ ತಾಣಗಳು ತಮ್ಮದೇ ಅಕ್ಷರವಿನ್ಯಾಸಗಳನ್ನು ಬಳಸುತ್ತಿದ್ದವು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಚೆನ್ನಾಗಿ ಮೂಡುತ್ತಿದ್ದ ಪುಟ ಬೇರೆ ಬ್ರೌಸರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತಿತ್ತು. ಯೂನಿಕೋಡ್ ನೆಲೆಯೂರಿದ ಮೇಲೆ ಆ ಪೀಡೆ ತೊಲಗಿತು. ಸರ್ಕಾರಿ ತಾಣಗಳ ಚಾಳಿ ಮಾತ್ರ ಬೇಗ ಬಿಡಲಿಲ್ಲ. ‘ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿಯೇ ನೋಡತಕ್ಕದ್ದು’ ಎಂಬ ಸೂಚನೆ ಅನೇಕ ಪುಟಗಳ ಬುಡದಲ್ಲಿ ಬಹುಕಾಲ ಇತ್ತು. ಡಿಜಿಟಲ್ ಸಹಿ ಹಾಕುವ ಎಷ್ಟೋ ತಾಣಗಳು ಜಾವಾ ಎಂಬ ಉಪಾಂಗವನ್ನು ನಂಬಿದ್ದವು. ಕ್ರೋಮ್ 2015ರಲ್ಲಿ ಅದನ್ನು ಹೊರಹಾಕಿತು, ಫೈರ್‌ಫಾಕ್ಸ್ 2017ರಲ್ಲಿ. ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. 2022ರ ಜೂನ್ 15ರಂದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೇ ಮೈಕ್ರೋಸಾಫ್ಟ್‌ನವರು ವಿದಾಯ ಹೇಳಿದರು. ಈಗಲೂ ಯಾವುದಾದರೂ ಹಳೆಯ ತಾಣ ಅದನ್ನೇ ಬೇಡಿದರೆ, ಎಡ್ಜ್‌ನೊಳಗೆ ಅದರಂತೆ ನಡೆಯುವ ಒಂದು ವಿಧಾನವಿದೆ. ಕನಿಷ್ಠ 2029ರವರೆಗೆ ಅದನ್ನು ಉಳಿಸುವುದಾಗಿ ಕಂಪೆನಿ ಹೇಳಿದೆ. ಆ ಒಂದು ತಾಣಕ್ಕಾಗಿ ಇಡೀ ಯಂತ್ರವನ್ನು ಹಳೆಯದಾಗಿಯೇ ಇಟ್ಟುಕೊಳ್ಳುವುದು, ಒಂದು ಮರದ ಕೊನೆಗಾಗಿ ತೋಟದ ಬೇಲಿಯನ್ನೇ ಕಿತ್ತಿಟ್ಟಂತೆ.

ಈಗ ಒಳನುಗ್ಗುವವನ ವಿಚಾರ. 2023ರ ಸೆಪ್ಟೆಂಬರಿನಲ್ಲಿ ವೆಬ್‌ಪಿ ಎಂಬ ಜಾತಿಯ ಚಿತ್ರಗಳನ್ನು ಓದುವ ತಂತ್ರಾಂಶದಲ್ಲಿ ಒಂದು ದೋಷ ಸಿಕ್ಕಿತು. ಕೆಡುಕಿಗೆಂದೇ ಸಿದ್ಧಪಡಿಸಿದ ಪುಟವನ್ನು ತೆರೆದು ಚಿತ್ರ ಪರದೆಗೆ ಬಂದರೆ ಸಾಕಿತ್ತು, ಬೇರೇನನ್ನೂ ಒತ್ತಬೇಕಾಗಿರಲಿಲ್ಲ. ಆ ತಂತ್ರಾಂಶ ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಎಲ್ಲದರೊಳಗೂ ಇತ್ತು. ಸೆಪ್ಟೆಂಬರ್ 11ರಂದು ಗೂಗಲ್ ತಿದ್ದುಪಡಿ ಬಿಟ್ಟಿತು, ಮರುದಿನ ಫೈರ್‌ಫಾಕ್ಸ್. ಅಷ್ಟರಲ್ಲಾಗಲೇ ದುಷ್ಟರು ಆ ದೋಷವನ್ನು ಬಳಸುತ್ತಿದ್ದರು. ತಿದ್ದುಪಡಿ ಹಾಕಿಕೊಂಡ ಯಂತ್ರ ಉಳಿಯಿತು; ಹಾಕಿಕೊಳ್ಳದ್ದಕ್ಕೆ ತೂತು ಹಾಗೇ ಉಳಿಯಿತು.

ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮುಂಗಾರಿನ ಮೊದಲು ಒಮ್ಮೆ ಹೊಡೆದು, ನಲವತ್ತು ನಲವತ್ತೈದು ದಿನಕ್ಕೆ ಮತ್ತೆ ಹೊಡೆಯುತ್ತೇವೆ. ‘ಹೋದ ವರ್ಷ ಹೊಡೆದಿದ್ದೆನಲ್ಲ’ ಎಂದು ಯಾರೂ ಸುಮ್ಮನಿರುವುದಿಲ್ಲ. ಬ್ರೌಸರಿನ ಕಂತು ಇನ್ನೂ ಚಿಕ್ಕದು: ಕ್ರೋಮ್ 2021ರಲ್ಲಿ ನಾಲ್ಕು ವಾರಕ್ಕೊಂದು ಆವೃತ್ತಿ ತರತೊಡಗಿತು, 2023ರ ಆಗಸ್ಟಿನಲ್ಲಿ ಭದ್ರತೆಯ ತಿದ್ದುಪಡಿಯನ್ನು ವಾರಕ್ಕೊಮ್ಮೆ ಮಾಡಿತು. ಇದು ಬಹುಮಟ್ಟಿಗೆ ತಾನಾಗಿಯೇ ಇಳಿಯುತ್ತದೆ, ನಿಜ. ಆದರೆ ಬ್ರೌಸರನ್ನು ಪೂರ್ತಿ ಮುಚ್ಚಿ ಮತ್ತೆ ತೆರೆದಾಗ ಮಾತ್ರ ಜಾರಿಗೆ ಬರುತ್ತದೆ. ಇಪ್ಪತ್ತು ಪುಟ ತೆರೆದಿಟ್ಟು ತಿಂಗಳುಗಟ್ಟಲೆ ಮುಚ್ಚದೆ ಕೂರುವವರಿದ್ದಾರೆ (ಹೆಸರು ಹೇಳುವುದಿಲ್ಲ, ಓದುವಾಗ ಅವರಿಗೇ ತಿಳಿಯುತ್ತದೆ). ಅವರ ಮದ್ದು ಡ್ರಮ್ಮಿನಲ್ಲೇ ಇದೆ, ಕೊನೆಗೆ ಬಿದ್ದಿಲ್ಲ.

ಹಳೆಯ ಯಂತ್ರವಿರುವವರ ಕಷ್ಟ ಬೇರೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ರಂದು ನಿಂತಿತು. 2023ರ ಜನವರಿಯಲ್ಲಿ ಬಂದ 109ನೆಯ ಆವೃತ್ತಿಯೇ ಅದಕ್ಕೆ ದಕ್ಕಿದ ಕೊನೆಯ ಕ್ರೋಮ್. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮೊಬೈಲಿಗೂ ಇದೇ ಪಾಡು. ಆಂಡ್ರಾಯ್ಡ್ 8 ಮತ್ತು 9 ಇರುವ ಫೋನುಗಳಿಗೆ 138ನೆಯ ಕ್ರೋಮ್ ಕೊನೆಯದಾಯಿತು. ಅಡಿಕೆ ದುಡ್ಡು ಕೈಗೆ ಬರುವ ಮೊದಲು ಹೊಸ ಯಂತ್ರ ಕೊಳ್ಳಿರೆಂದು ಹೇಳುವುದು ನಮಗೆ ಸುಲಭ, ತಮಗೆ ಕಷ್ಟ. ವಿಂಡೋಸ್ 7ರ ಹಳೆಯ ಯಂತ್ರ ಗಟ್ಟಿಯಾಗಿದ್ದರೆ ಲಿನಕ್ಸ್ ಹಾಕಿಸಿ ಹೊಸ ಫೈರ್‌ಫಾಕ್ಸ್ ಬಳಸಬಹುದು, ತಂತ್ರಾಂಶಕ್ಕೆ ಬೆಲೆಯಿಲ್ಲ. ಡಿಜಿಟಲ್ ಸಹಿಯ ಟೋಕನ್ ಇದ್ದವರು ಮಾತ್ರ ಅದು ಲಿನಕ್ಸಿನಲ್ಲಿ ನಡೆಯುವುದೇ ಎಂದು ಮೊದಲು ವಿಚಾರಿಸಿಕೊಳ್ಳಬೇಕು. ಇದಾವುದೂ ಆಗದಿದ್ದರೆ ಆ ಯಂತ್ರದಲ್ಲಿ ಕೂಲಿ ಲೆಕ್ಕ ಬರೆಯಿರಿ, ಫೋಟೋ ನೋಡಿ. ಬ್ಯಾಂಕಿನ ಬಾಗಿಲು ಮಾತ್ರ ಅದರಿಂದ ತೆರೆಯಬೇಡಿ.

ಎಲ್ಲ ಎಚ್ಚರಿಕೆಗೂ ಬ್ರೌಸರಿನ ವಯಸ್ಸೇ ಕಾರಣವಲ್ಲ. ಲಿಂಗನಮಕ್ಕಿ ಅಣೆಕಟ್ಟೆ ಮಗ್ಗುಲಲ್ಲೇ ಇದ್ದರೂ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ನಮ್ಮ ದೀಪ ಆರುವುದು ತಪ್ಪಿಲ್ಲ. ಮೇಜಿನ ಕಂಪ್ಯೂಟರಿಗೆ ವಿದ್ಯುತ್ ಇಲ್ಲದಾಗ ಒಳಗಿನ ಗಡಿಯಾರವನ್ನು ನಡೆಸುವುದು ಒಂದು ಪುಟ್ಟ ಗುಂಡಿ ಬ್ಯಾಟರಿ. ಅದು ಸತ್ತರೆ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಪ್ರತಿ ತಾಣವೂ ತನ್ನ ಗುರುತಿಗೆ ತೋರಿಸುವ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯುಂಟು. ಗಡಿಯಾರ ಸುಳ್ಳಾಡಿದರೆ ನಿಜವಾದ ಪತ್ರವೂ ಬ್ರೌಸರಿಗೆ ಸುಳ್ಳಾಗಿ ಕಾಣುತ್ತದೆ. ಎಚ್ಚರಿಕೆ ಬಂದಾಗ ಮೊದಲು ದಿನಾಂಕ ನೋಡಿ. 2032 ಎಂಬ ಸಂಖ್ಯೆಯ ಬ್ಯಾಟರಿ ಸಾಗರದ ಗಡಿಯಾರದಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ದಿನಾಂಕ ಸರಿಯಿದ್ದೂ ಎಚ್ಚರಿಕೆ ಬಂದರೆ ‘ಆದರೂ ಮುಂದುವರಿ’ ಎಂಬುದನ್ನು ಒತ್ತಿ ಗುಪ್ತಪದ ಬರೆಯಬೇಡಿ.

ಇನ್ನು ಮೋಸದ ಅಪ್‌ಡೇಟ್. ಯಾವುದೋ ಪುಟ ನೋಡುತ್ತಿರುವಾಗ ‘ನಿಮ್ಮ ಬ್ರೌಸರ್ ಹಳೆಯದು, ಇಲ್ಲಿ ಒತ್ತಿ’ ಎಂದು ಬಂದರೆ ಅದು ಬಹುತೇಕ ಕಳ್ಳನ ಕರೆ. ವಾಟ್ಸಾಪಿನಲ್ಲಿ ಪಿಎಂ ಕಿಸಾನ್ ಹೆಸರಿನಲ್ಲಿ ಬರುವ ಎಪಿಕೆ ಕಡತವೂ ಅದೇ ಜಾತಿ. ಹಾಕಿಕೊಂಡರೆ ಬ್ಯಾಂಕಿನ ಓಟಿಪಿ ನಿಮಗಿಂತ ಮೊದಲು ಅವನು ಓದುತ್ತಾನೆ. ಅಪ್‌ಡೇಟನ್ನು ಬ್ರೌಸರಿನ ಸ್ವಂತ ಪಟ್ಟಿಯಿಂದ, ಅಂದರೆ ಬಲತುದಿಯ ಮೂರು ಚುಕ್ಕೆ, ಸಹಾಯ, ‘ಕ್ರೋಮ್ ಬಗ್ಗೆ’ ಎಂಬಲ್ಲಿಂದಲೇ ನೋಡಬೇಕು. ಫೋನಿನಲ್ಲಿ ಪ್ಲೇ ಸ್ಟೋರ್‌ನಿಂದ ಮಾತ್ರ. ಹಣ ಹೋದದ್ದು ತಿಳಿದೊಡನೆ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟ.

ಸಂಘದ ಕಛೇರಿಯಲ್ಲಿ ನಾವು ಎರಡು ಬ್ರೌಸರ್ ಇಟ್ಟುಕೊಂಡಿದ್ದೇವೆ. ಒಂದರಲ್ಲಿ ತಾಣ ತೆರೆಯದಿದ್ದರೆ ಇನ್ನೊಂದರಲ್ಲಿ ನೋಡುವುದು. ಅಪ್‌ಡೇಟ್ ಆದೊಡನೆ ಡಿಜಿಟಲ್ ಸಹಿ ನಡೆಯುವುದೇ ಎಂದು ಪರೀಕ್ಷಿಸುತ್ತೇವೆ. ಇದನ್ನೆಲ್ಲ ವಿಮೆ ಕಟ್ಟುವ ಕೊನೆಯ ದಿನಕ್ಕೆ ಇಟ್ಟುಕೊಳ್ಳುವುದಿಲ್ಲ, ಏಕೆಂದರೆ ಆ ದಿನ ತಾಣವೂ ನಿಧಾನ, ಕರೆಂಟೂ ಅನುಮಾನ. ಸದಸ್ಯರು ಮಳೆ ಹಿಡಿಯುವ ಮೊದಲೇ ಯಂತ್ರ ಅಥವಾ ಫೋನನ್ನು ಕಛೇರಿಗೆ ತಂದರೆ ಆವೃತ್ತಿ ನೋಡಿ ಹೇಳುತ್ತೇವೆ. ಗುಪ್ತಪದ ಬರೆದ ಚೀಟಿಯನ್ನು ಮಾತ್ರ ದಯವಿಟ್ಟು ಮನೆಯಲ್ಲೇ ಬಿಟ್ಟು ಬನ್ನಿ.