ಕಾರಿನ ಬೆನ್ನೇರಿದ ಸೈಕಲ್

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಸೈಕಲ್ಲಿಗೆ ಪ್ರವೇಶವಿಲ್ಲ. ಬೈಕು, ಆಟೊ, ಟ್ರ್ಯಾಕ್ಟರುಗಳ ಹಾಗೆ ಅದೂ ಸರ್ವಿಸ್ ರಸ್ತೆ ಹಿಡಿಯಬೇಕು. ಆದರೂ ವಾರಾಂತ್ಯದ ಬೆಳಗಿನ ಜಾವ ಆ ರಸ್ತೆಯಲ್ಲಿ ಸೈಕಲ್ಲುಗಳು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುತ್ತವೆ, ಕಾರಿನ ನೆತ್ತಿಯ ಮೇಲೋ ಬೆನ್ನಿನ ಮೇಲೋ ಕುಳಿತು.

ಹೊರಟವರಲ್ಲಿ ಕೆಲವರಿಗೆ ಕೊಡಗು, ಕೆಲವರಿಗೆ ಊಟಿ. 2008ರಲ್ಲಿ ಟೂರ್ ಆಫ್ ನೀಲಗಿರೀಸ್ ಎಂಬ ಸೈಕಲ್ ಯಾತ್ರೆ ಶುರುವಾದ ಮೇಲೆ ಮಸಿನಗುಡಿಯಿಂದ ಊಟಿಗೆ ಏರುವ ಕಲ್ಲಟ್ಟಿಯ 36 ಹೇರ್‌ಪಿನ್ ತಿರುವುಗಳು ಇಲ್ಲಿನ ಸೈಕಲ್ ಸವಾರರ ಕನಸಿನ ದಾರಿಯಾಗಿವೆ. ಆ ದಾರಿ ತಲುಪುವ ತನಕ ಸೈಕಲ್ಲನ್ನು ಜೋಪಾನವಾಗಿ ಒಯ್ಯುವುದಿದೆಯಲ್ಲ, ಅದಕ್ಕೇ ಒಂದು ಕಲೆ ಬೇಕು. ಸಾವಿರಾರು ರೂಪಾಯಿ ಕೊಟ್ಟು ಕ್ಯಾರಿಯರ್ ಕೊಂಡವರೂ ಕಟ್ಟುವಾಗ ಎರಡು ನಿಮಿಷ ಉಳಿಸಲು ಹೋಗಿ ಫ್ರೇಮಿನ ಬಣ್ಣ ಕೆರೆಸಿಕೊಳ್ಳುತ್ತಾರೆ, ಗೇರು ಬಾಗಿಸಿಕೊಳ್ಳುತ್ತಾರೆ.

ಒಂದೇ ಸೈಕಲ್ ಇದ್ದರೆ, ಇಬ್ಬರೇ ಹೊರಟಿದ್ದರೆ ಕ್ಯಾರಿಯರ್ರೇ ಬೇಡ. ಸೈಕಲ್ಲಿಗೆ ಅತ್ಯಂತ ಸುರಕ್ಷಿತ ಜಾಗ ಕಾರಿನ ಒಳಗೇ ಇದೆ. ಗಾಳಿಯಿಲ್ಲ, ಮಳೆಯಿಲ್ಲ, ತಿಂಡಿಗೆ ನಿಲ್ಲಿಸಿದಾಗ ಕಳ್ಳರ ಭಯವೂ ಕಡಿಮೆ. ದೊಡ್ಡವರ ಸೈಕಲ್ ಸುಮಾರು 170 ಸೆಂಟಿಮೀಟರ್ ಉದ್ದ. ಮುಂದಿನ ಚಕ್ರ ಕಳಚಿದರೆ ಅದರಲ್ಲಿ ಒಂದು ಅಡಿಗಿಂತ ಹೆಚ್ಚು ಇಳಿಯುತ್ತದೆ. ಹಿಂದಿನ ಸೀಟು ಮಡಚಿದ ಹ್ಯಾಚ್‌ಬ್ಯಾಕ್ ಕಾರಿಗೆ ಅಷ್ಟು ಸಾಕು. ಸೆಡಾನ್ ಆದರೆ ಎರಡೂ ಚಕ್ರ ಕಳಚಿ ಹಿಂದಿನ ಸೀಟಿನ ಮೇಲೆ ಇಡಬೇಕಾದೀತು. ಚಕ್ರ ಕಳಚುವ ಈ ಸುಖಕ್ಕೆ ಇಟಲಿಯ ಟುಲಿಯೊ ಕಂಪನ್ಯೋಲೊನನ್ನು ನೆನೆಯಬೇಕು. ಸ್ಪ್ಯಾನರ್ ಇಲ್ಲದೆ ಕೈಯಲ್ಲೇ ಚಕ್ರ ಬಿಚ್ಚುವ ಕ್ವಿಕ್ ರಿಲೀಸ್ ಲಿವರ್ 1930ರ ಹೊತ್ತಿಗೆ ಆತ ಕೊಟ್ಟ ಕೊಡುಗೆ.

ಮಲಗಿಸುವಾಗ ಚೈನು, ಗೇರು ಇರುವ ಬಲಮಗ್ಗುಲು ಮೇಲೆ ಬರಬೇಕು. ಸೈಕಲ್ಲಿನಲ್ಲಿ ಎಲ್ಲಕ್ಕಿಂತ ನಾಜೂಕಾದ ಅಂಗವೆಂದರೆ ಹಿಂದಿನ ಚಕ್ರದ ಪಕ್ಕ ನೇತಾಡುವ, ಗೇರು ಬದಲಿಸುವ ಡಿರೇಲರ್. ಅದರ ಮೇಲೆ ಸೈಕಲ್ಲಿನ ಭಾರ ಬಿದ್ದರೆ ಅದನ್ನು ಹಿಡಿದಿರುವ ಪುಟ್ಟ ಲೋಹದ ಕೊಂಡಿ ಬಾಗುತ್ತದೆ, ಮರುದಿನ ಏರಿನಲ್ಲಿ ಗೇರು ಕೂರುವುದೇ ಇಲ್ಲ. ಕೆಳಗೆ ಹಳೆಯ ಬೆಡ್‌ಶೀಟು ಹಾಸಿದರೆ ಸೀಟಿಗೆ ಗ್ರೀಸ್ ಹತ್ತದು. ಪೆಡಲ್ ಬಿಚ್ಚಬೇಕಾಗಿ ಬಂದರೆ ಎಡಗಡೆಯದರ ತಿರುಪು ಉಲ್ಟಾ ಇರುತ್ತದೆ ಎಂಬುದು ನೆನಪಿರಲಿ. ಸ್ಪ್ಯಾನರನ್ನು ಮೇಲ್ಮುಖವಾಗಿ ಹಿಡಿದು ಹಿಂದಿನ ಚಕ್ರದ ಕಡೆಗೆ ತಿರುಗಿಸಿದರೆ ಎರಡೂ ಕಡೆಯ ಪೆಡಲ್ ಸಡಿಲವಾಗುತ್ತದೆ.

ಡಿಸ್ಕ್ ಬ್ರೇಕ್ ಇರುವವರು ಇನ್ನೊಂದು ಕೆಲಸ ಮಾಡಬೇಕು. ಚಕ್ರ ಹೊರಗಿದ್ದಾಗ ಯಾರಾದರೂ ಅರಿಯದೆ ಹೈಡ್ರಾಲಿಕ್ ಬ್ರೇಕಿನ ಲಿವರ್ ಒತ್ತಿದರೆ ಪ್ಯಾಡುಗಳೆರಡೂ ಒಂದಕ್ಕೊಂದು ಅಂಟಿಕೊಂಡು, ಡಿಸ್ಕ್ ಒಳಗೆ ಹೋಗಲು ಜಾಗವೇ ಇರುವುದಿಲ್ಲ. ನಡುವೆ ಮಡಚಿದ ರಟ್ಟಿನ ತುಂಡು ಸಿಕ್ಕಿಸಿದರೆ ಆ ಗೋಳು ತಪ್ಪುತ್ತದೆ. ಒಳಗಿಟ್ಟ ಸೈಕಲ್ಲನ್ನೂ ಕಟ್ಟಲೇಬೇಕು. ಗಟ್ಟಿ ಬ್ರೇಕ್ ಹಾಕಿದ ಕ್ಷಣದಲ್ಲಿ ಹತ್ತು ಕಿಲೋ ಲೋಹ ಮುಂದಿನ ಸೀಟಿನವರ ಕುತ್ತಿಗೆಗೆ ಬರಬಾರದು.

ಕುಟುಂಬವೇ ಹೊರಟಾಗ ಸೈಕಲ್ ಹೊರಗೆ ಬರಲೇಬೇಕು. ನಮ್ಮಲ್ಲಿ ಹೆಚ್ಚು ಕಾಣುವುದು ಡಿಕ್ಕಿಯ ಬಾಗಿಲಿಗೆ ಪಟ್ಟಿಗಳಿಂದ ಬಿಗಿಯುವ ಕ್ಯಾರಿಯರ್. ಬೆಲೆ ಕಡಿಮೆ, ಸೈಕಲ್ಲನ್ನು ಎತ್ತುವ ಎತ್ತರವೂ ಕಡಿಮೆ. ಆದರೆ ಇದರ ಕೊಕ್ಕೆಗಳು ಲೋಹದ ಅಂಚನ್ನೇ ಹಿಡಿಯಬೇಕು. ಅನೇಕ ಕಾರುಗಳಲ್ಲಿ ಹಿಂಬಾಗಿಲ ಮೇಲಂಚಿಗೆ ಪ್ಲಾಸ್ಟಿಕ್ ಸ್ಪಾಯ್ಲರ್ ಇರುತ್ತದೆ. ಕೊಕ್ಕೆ ಅದಕ್ಕೆ ಸಿಕ್ಕಿದ್ದರೆ ನಾಲ್ಕು ಹಂಪ್ಸ್ ದಾಟುವಷ್ಟರಲ್ಲಿ ಸ್ಪಾಯ್ಲರ್ ಸೀಳಬಹುದು. ಟೈರು ಸೈಲೆನ್ಸರ್ ಕೊಳವೆಯ ಎದುರಿಗೆ ಬಂದರೆ ಬಿಸಿ ಹೊಗೆಗೆ ರಬ್ಬರ್ ಮೆತ್ತಗಾಗಿ ಹಾಳಾಗುತ್ತದೆ.

ಕಾನೂನಿನ ಮಾತೂ ಇಲ್ಲೇ ಬರುತ್ತದೆ. ಬೆನ್ನಿನ ಮೇಲಿನ ಸೈಕಲ್ ನಂಬರ್ ಪ್ಲೇಟನ್ನೂ ಹಿಂದಿನ ದೀಪಗಳನ್ನೂ ಮರೆಮಾಡುವಂತಿಲ್ಲ. ಯುರೋಪಿನ ಹಲವು ದೇಶಗಳಲ್ಲಿ ಕ್ಯಾರಿಯರ್‌ಗೇ ಇನ್ನೊಂದು ಪ್ಲೇಟು, ದೀಪ ಹಾಕುತ್ತಾರೆ. ನಮ್ಮ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಬರುವುದು ಹಿಂದೆ ಮುಂದೆ ಎರಡೇ, ಜೊತೆಗೆ ಗಾಜಿನ ಸ್ಟಿಕ್ಕರ್. ಆದ್ದರಿಂದ ಕೊಳ್ಳುವ ಮೊದಲೇ ಸೈಕಲ್ಲನ್ನು ಕಟ್ಟಿಸಿ, ಹತ್ತು ಹೆಜ್ಜೆ ಹಿಂದೆ ನಿಂತು, ಪ್ಲೇಟು ಓದಲು ಬರುತ್ತದೆಯೇ ನೋಡಬೇಕು. ಸಣ್ಣ ಕಾರುಗಳ ಅಗಲವೂ ಸೈಕಲ್ಲಿನ ಉದ್ದವೂ ಹೆಚ್ಚುಕಡಿಮೆ ಒಂದೇ. ಸೈಕಲ್ ಒಂದಿಷ್ಟು ಸರಿದರೂ ಚಕ್ರ ಪಕ್ಕಕ್ಕೆ ಚಾಚಿ ಬೈಕಿನವನಿಗೆ ತಗಲುತ್ತದೆ. ಹೊರೆ ಹೀಗೆ ವಾಹನದ ಮೈ ಮೀರಿ ಚಾಚಿದ್ದರೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂಪಾಯಿ ದಂಡವಿದೆ. ಬೆನ್ನಿನ ಕ್ಯಾರಿಯರ್‌ನಲ್ಲೂ ಮುಂದಿನ ಚಕ್ರ ಕಳಚಿ ಒಳಗಿಡುವುದೇ ಜಾಣತನ.

ನೆತ್ತಿಯ ಕ್ಯಾರಿಯರ್ ನೋಡಲು ಚೆಂದ. ಟೂರ್ ಡಿ ಫ್ರಾನ್ಸ್‌ನ ತಂಡಗಳ ಕಾರುಗಳು ಹೀಗೇ ಸೈಕಲ್ಲುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಓಡುತ್ತವೆ. ನಾಯಕನ ಸೈಕಲ್ ಅಂಚಿನಲ್ಲೇ ಇರುತ್ತದೆ, ಪಂಕ್ಚರ್ ಆದರೆ ಮೆಕ್ಯಾನಿಕ್ ಕೈಚಾಚಿ ಕಿತ್ತುಕೊಳ್ಳಲಿ ಎಂದು. ದೀಪ, ಪ್ಲೇಟಿನ ತಕರಾರೂ ಇಲ್ಲಿಲ್ಲ. ತೊಡಕು ಎತ್ತರದ್ದು. ಒಂದೂವರೆ ಮೀಟರ್ ಎತ್ತರದ ಕಾರಿನ ಮೇಲೆ ಸೈಕಲ್ ನಿಂತರೆ ಒಟ್ಟು ಎತ್ತರ ಎರಡೂವರೆ ಮೀಟರ್ ದಾಟುತ್ತದೆ. ಅಪಾರ್ಟ್‌ಮೆಂಟು, ಮಾಲುಗಳ ನೆಲಮಾಳಿಗೆಗೆ ಇಳಿಯುವಲ್ಲಿ ಅಷ್ಟು ಎತ್ತರ ಸಿಗುವುದು ಅಪರೂಪ. ದಿನವಿಡೀ ಗಾಡಿ ಓಡಿಸಿ ದಣಿದವರಿಗೆ ತಲೆಯ ಮೇಲೆ ಸೈಕಲ್ಲಿದೆ ಎಂಬುದೇ ಮರೆತುಹೋಗುತ್ತದೆ. ಸ್ಟೀರಿಂಗ್ ನಡುವೆ ‘ಮೇಲೆ ಸೈಕಲ್’ ಎಂದು ಬರೆದ ಚೀಟಿ ಅಂಟಿಸುವುದು ಅಗ್ಗದ, ಕೆಲಸಕ್ಕೆ ಬರುವ ಉಪಾಯ. ಕಾರಿನ ಚಾವಣಿ ಎಷ್ಟು ಭಾರ ತಡೆಯುತ್ತದೆ ಎಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಿ, ಕ್ಯಾರಿಯರ್‌ನ ತೂಕವನ್ನೂ ಸೇರಿಸಿ ಲೆಕ್ಕ ಹಾಕಬೇಕು. ವೇಗ ಇಮ್ಮಡಿಯಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ. ಐವತ್ತರಲ್ಲಿ ಅಲುಗದ ಸೈಕಲ್ ನೂರರಲ್ಲಿ ತೊನೆದಾಡುವುದು ಇದರಿಂದಲೇ. ಕಾರ್ಬನ್ ಫ್ರೇಮಿನವರು ಕೊಳವೆಯನ್ನು ಹಿಡಿದು ಬಿಗಿಯುವ ಬಗೆ ಬಿಟ್ಟು, ಚಕ್ರವನ್ನೋ ಫೋರ್ಕನ್ನೋ ಹಿಡಿಯುವ ಬಗೆಯನ್ನು ಆರಿಸಿಕೊಳ್ಳಬೇಕು. ಕಾರ್ಬನ್ ಓಡುವಾಗಿನ ಭಾರ ತಡೆಯುತ್ತದೆ, ಪಕ್ಕದಿಂದ ಹಿಸುಕುವುದನ್ನು ತಾಳುವುದಿಲ್ಲ.

ಕಟ್ಟಿದ್ದು ಎಷ್ಟೇ ಗಟ್ಟಿಯಿರಲಿ, ಪಟ್ಟಿ ಸಡಿಲವಾಗುವುದು ಹೊರಟ ಮೊದಲ ಇಪ್ಪತ್ತು ಕಿಲೋಮೀಟರಿನಲ್ಲೇ. ಕುಲುಕಾಟಕ್ಕೆ ಸೈಕಲ್ ತನ್ನ ಜಾಗದಲ್ಲಿ ಕೂರುತ್ತದೆ, ಪಟ್ಟಿ ಜಗ್ಗುತ್ತದೆ. ಆದ್ದರಿಂದ ಮೊದಲ ತಪಾಸಣೆ ಊರು ದಾಟಿದ ಕೂಡಲೇ, ಆಮೇಲೆ ಕಾಫಿಗೆ ನಿಂತಲ್ಲೆಲ್ಲ. ಗಾಳಿಗೆ ಪಟಪಟ ಹೊಡೆದುಕೊಳ್ಳುವ ಪಟ್ಟಿಯ ತುದಿ ನೂರು ಕಿಲೋಮೀಟರಿನಲ್ಲಿ ಬಣ್ಣ ತಿಂದುಹಾಕುತ್ತದೆ, ಅದನ್ನು ಸುತ್ತಿ ಗಂಟು ಹಾಕಬೇಕು. ಹ್ಯಾಂಡಲ್, ಪೆಡಲ್ ತಿರುಗದಂತೆ ಬಿಗಿದು, ಸೈಕಲ್ಲಿಗೆ ಸೈಕಲ್ ತಾಗುವಲ್ಲಿ ಹಳೆ ಟ್ಯೂಬಿನ ತುಂಡು ಸುತ್ತಿದರೆ ಗೀರು ಬೀಳದು.

ಊಟಿಯ ದಾರಿಯವರಿಗೆ ಕೊನೆಯ ತಪಾಸಣೆ ಗುಂಡ್ಲುಪೇಟೆಯಲ್ಲೇ ಮುಗಿಯಬೇಕು. ಮುಂದೆ ಬಂಡೀಪುರ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಅಲ್ಲಿ ಸಂಚಾರ ನಿಷೇಧ, ಹಗಲಿನಲ್ಲೂ ಕಾಡಿನ ನಡುವೆ ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ. ದಾರಿಯುದ್ದಕ್ಕೂ ಹಂಪ್ಸ್. ಸಡಿಲ ಪಟ್ಟಿಯೊಂದು ಕೈಕೊಡಲು ಇದಕ್ಕಿಂತ ಕೆಟ್ಟ ಜಾಗ ಬೇರೆಯಿಲ್ಲ.

ಮಸಿನಗುಡಿಯಲ್ಲಿ ಸೈಕಲ್ ಇಳಿಸಿದ ಕೂಡಲೇ ಹತ್ತಿ ಹೊರಡಬಾರದು. ಕಳಚಿದ ಚಕ್ರ ಫೋರ್ಕಿನಲ್ಲಿ ಪೂರಾ ಕೂತಿದೆಯೇ, ಲಿವರ್ ಬಿಗಿಯಾಗಿದೆಯೇ, ಹ್ಯಾಂಡಲ್ ನೇರವಿದೆಯೇ ನೋಡಬೇಕು. ಮುಂಭಾಗ ಎತ್ತಿ ಚಕ್ರ ತಿರುಗಿಸಿ, ಬ್ರೇಕ್ ಪ್ಯಾಡ್ ಉಜ್ಜುವ ಸದ್ದಿಗೆ ಕಿವಿಗೊಡಬೇಕು. ಎರಡೂ ಬ್ರೇಕ್ ಒತ್ತಿ ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿದಾಗ ಅದು ಜಗ್ಗದೆ ನಿಂತರೆ ಕಲ್ಲಟ್ಟಿಯ ಕಡೆಗೆ ಪೆಡಲ್ ತುಳಿಯಬಹುದು.