ಅಪ್ಪನ ಎಡಗೈಗೊಂದು ಪಿನ್‌ಬಾಲ್

ವಿಜಯಪುರದ ಸಿದ್ಧೇಶ್ವರ ಜಾತ್ರೆಯಿಂದ ಅಪ್ಪ ನನಗೊಂದು ಆಟಿಕೆ ತಂದಿದ್ದರು. ಕಮಾನಿನ ಆಕಾರದ ಹಲಗೆ, ಅದರ ತುಂಬ ಮೊಳೆ, ಪಕ್ಕದಲ್ಲೊಂದು ಸ್ಪ್ರಿಂಗ್ ಕಡ್ಡಿ. ಗುಂಡು ಹೊಡೆದರೆ ಮೊಳೆಗಳ ನಡುವೆ ಟಣಟಣ ಉರುಳಿ ಯಾವುದೋ ನಂಬರಿನ ಗೂಡಿಗೆ ಬೀಳ್ತಿತ್ತು. ಅದರ ಹೆಸರು ಬಾಗಟೆಲ್, ಅದು ಪಿನ್‌ಬಾಲ್ ಯಂತ್ರದ ಅಜ್ಜ ಅಂತ ಗೊತ್ತಾಗಿದ್ದು ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದ ಮೇಲೆ.

ಹೋದ ವರ್ಷ ಅಪ್ಪನಿಗೆ ಲಕ್ವಾ ಹೊಡೀತು. ಮಾತು ಬಂತು, ನಡಿಗೆ ಬಂತು, ಎಡಗೈ ಬೆರಳು ಮಾತ್ರ ಬರಲಿಲ್ಲ. ಮೂವತ್ತು ವರ್ಷ ತಿಕೋಟಾದ ನಮ್ಮ ದ್ರಾಕ್ಷಿ ಪಡದಲ್ಲಿ ಕತ್ತರಿ ಹಿಡಿದು ಚಾಟ್ನಿ ಮಾಡಿದ ಕೈ. ವ್ಯಾಯಾಮಕ್ಕೆ ಕೊಟ್ಟ ಸ್ಪಂಜಿನ ಚೆಂಡನ್ನು ಮೂಲೆಗೆ ಒಗೆದು, "ನಾ ಏನ್ ಸಣ್ಣ ಹುಡುಗನೇನ?" ಅಂದರು. ಹಾಗಾದರೆ ದೊಡ್ಡವರ ಆಟವನ್ನೇ ಮಾಡೋಣ ಅಂತ ವರ್ಕ್ ಫ್ರಂ ಹೋಮ್ ಹಾಕಿ ಊರಿಗೆ ಬಂದೆ.

ಸಲಹೆಗೆ ಸಿಕ್ಕಿದ್ದು ಶಿಕಾಗೋದಲ್ಲಿರೋ ನಮ್ಮೂರ ಗೆಳೆಯ. ಪಿನ್‌ಬಾಲ್ ಉದ್ಯಮದ ತವರು ಆ ಊರು. ಅವನ ಬೇಸ್‌ಮೆಂಟಿನಲ್ಲಿ ಮೂರು ಹಳೆ ಯಂತ್ರಗಳಿವೆ. ಅವನು ಹೇಳಿದ ಇತಿಹಾಸ ಇಷ್ಟು: 1931ರ 'ಬ್ಯಾಫಲ್ ಬಾಲ್'ನಲ್ಲಿ ಗುಂಡು ಹೊಡೆದು ನೋಡುತ್ತ ನಿಲ್ಲೋದಷ್ಟೇ. 1947ರ 'ಹಂಪ್ಟಿ ಡಂಪ್ಟಿ'ಗೆ ಫ್ಲಿಪ್ಪರ್ ಬಂದವು, ಅದೃಷ್ಟದ ಆಟಕ್ಕೆ ಕೈಚಳಕ ಸೇರಿತು. ಆದರೂ ನ್ಯೂಯಾರ್ಕ್ ಇದನ್ನು ಜೂಜು ಅಂತಲೇ ನಿಷೇಧಿಸಿತ್ತು. 1976ರಲ್ಲಿ ರೋಜರ್ ಶಾರ್ಪ್ ಎಂಬಾತ ಅಧಿಕಾರಿಗಳ ಎದುರು ಗುಂಡು ಎಲ್ಲಿ ಹೋಗುತ್ತೆ ಅಂತ ಮೊದಲೇ ಹೇಳಿ ಹೊಡೆದು ತೋರಿಸಿದ ಮೇಲೆ ನಿಷೇಧ ಹೋಯಿತು. (ಆ ಹೊಡೆತದಲ್ಲಿ ಅದೃಷ್ಟವೂ ಇತ್ತು ಅಂತ ಆಮೇಲೆ ಅವನೇ ಒಪ್ಪಿಕೊಂಡ!)

ಗೆಳೆಯನ ಮಾತು ಕೇಳಿ ಹಲಗೆಗೆ ಸರಿಯಾಗಿ ಆರೂವರೆ ಡಿಗ್ರಿ ಇಳಿಜಾರು ಕೊಟ್ಟೆ. ಅಪ್ಪ ಹೊಡೆದ ಮೊದಲ ಗುಂಡು ನಾಲ್ಕೇ ಸೆಕೆಂಡಿಗೆ ಎರಡು ಫ್ಲಿಪ್ಪರ್ ನಡುವಿಂದ ಜಾರಿ ಹೋಯಿತು. "ಮುಗೀತಲ್ಲ?" ಅಂತ ಎದ್ದೇ ಬಿಟ್ಟರು.

ಕಲಿತವನಿಗೆ ಸವಾಲು ಬೇಕು, ಹೊಸಬನಿಗೆ ಎರಡನೇ ಅವಕಾಶ ಬೇಕು. 1992ರ 'ಆಡಮ್ಸ್ ಫ್ಯಾಮಿಲಿ' ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಾರಾಟವಾಗಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಲೆಕ್ಕ. ಅದರಲ್ಲಿ ಪೆಟ್ಟಿಗೆಯೊಳಗಿಂದ ಒಂದು ಕೈ ಬಂದು ಅಯಸ್ಕಾಂತದಿಂದ ಗುಂಡು ಎತ್ತಿಕೊಂಡು ಹೋಗುತ್ತೆ. ಹೊಸಬ ಅದನ್ನು ನೋಡಿಯೇ ಖುಷಿ. ಪಳಗಿದವನು ಬಂಗಲೆಯ ಕೋಣೆಗಳನ್ನು ಒಂದೊಂದಾಗಿ ಗೆಲ್ಲುತ್ತ ಹೋಗುತ್ತಾನೆ. ಹಲಗೆ ಒಂದೇ.

ನಾನು ಮೊದಲ ಹದಿನೈದು ಸೆಕೆಂಡಿನಲ್ಲಿ ಬಿದ್ದ ಗುಂಡು ವಾಪಸ್ ಬರೋ ಹಾಗೆ ಮಾಡಿದೆ. ಗುಂಡು ಕಳೆದುಹೋಗುವ ಅಂಚಿನ ಹಾದಿಯ ಬಾಯಲ್ಲಿ ಮೂರು ತೂತು ಕೊರೆದೆ. ಗೂಟವನ್ನು ಒಂದು ತೂತು ಸರಿಸಿದರೆ ಹಾದಿ ಕಿರಿದು, ಇನ್ನೊಂದಕ್ಕೆ ಹಾಕಿದರೆ ಅಗಲ. ದೊಡ್ಡ ಕಂಪನಿಗಳ ಯಂತ್ರದಲ್ಲೂ ಇದೇ ಉಪಾಯ.

ನಾನು ಎಡವಿದ್ದು ಬೇರೆ ಕಡೆ. ಫ್ಲಿಪ್ಪರ್ ಎತ್ತೋದು ತಂತಿ ಸುರುಳಿಯ ವಿದ್ಯುತ್‌ಕಾಂತ. ನಾನು ಒಂದೇ ಸುರುಳಿ ಹಾಕಿದ್ದೆ. ನೀವಾದರೆ ಗುಂಡಿ ಒತ್ತಿ ಬಿಡ್ತೀರಿ. ಅಪ್ಪನ ಬೆರಳು ಒತ್ತುತ್ತಿತ್ತು, ಬೇಗ ಬಿಡೋಕೆ ಆಗ್ತಿರಲಿಲ್ಲ. ಮೂರನೇ ದಿನ ಸುರುಳಿ ಸುಟ್ಟು ಮನೆಯೆಲ್ಲ ಹೊಗೆ. ಅಪ್ಪ ಕೈ ಹಿಂದೆ ಮಾಡಿಕೊಂಡು ನಿಂತಿದ್ದರು, ತಪ್ಪು ತಮ್ಮದೇ ಅನ್ನೋ ಹಾಗೆ. ಅದನ್ನ ನೋಡೋಕಾಗಲಿಲ್ಲ.

ರಾತ್ರಿ ಫೋನ್ ಮಾಡಿದರೆ ಗೆಳೆಯ ನಕ್ಕ. ನಿಜವಾದ ಯಂತ್ರದಲ್ಲಿ ಎರಡು ಸುರುಳಿ ಇರುತ್ತವಂತೆ: ಹೊಡೆಯೋಕೆ ಜೋರಿನದೊಂದು, ಎತ್ತಿ ಹಿಡಿಯೋಕೆ ಮೆಲ್ಲಗಿನದೊಂದು. ಫ್ಲಿಪ್ಪರ್ ಮೇಲೆ ಬಂದ ಕೂಡಲೇ ಜೋರಿನದು ಕಡಿತವಾಗಬೇಕು. ಯಾಕಂದ್ರೆ ಪಳಗಿದ ಆಟಗಾರ ಬೇಕಂತಲೇ ಗುಂಡಿ ಒತ್ತಿ ಹಿಡಿದು ಗುಂಡನ್ನು ತಡೆದು ನಿಲ್ಲಿಸುತ್ತಾನೆ. "ನಿಮ್ಮಪ್ಪ ಹಿಡಿದಿದ್ದು ಸರಿಯೇ ಐತಿ, ಯಂತ್ರ ತಪ್ಪು" ಅಂದ. ಸ್ಪೀಕರ್ ಆನ್ ಇತ್ತು. ಅಪ್ಪ ಕೇಳಿಸಿಕೊಂಡರು.

ಸಂಕ್ರಾಂತಿಗೆ ಗೆಳೆಯ ಊರಿಗೆ ಬಂದು ಎರಡು ಗಂಟೆ ಆಡಿದ. ಅವನ ಸ್ಕೋರು ಅಪ್ಪನ ಆರು ಪಟ್ಟು. ಅವನು ಹೋದ ಮೇಲೆ ಅಪ್ಪ ಹಲಗೆ ಎದುರು ಕೂತು, ಬಲಗೈಯಿಂದ ಎಡಗೈ ಎತ್ತಿ ಗುಂಡಿ ಮೇಲಿಟ್ಟುಕೊಂಡರು. "ಆ ಗೂಟಾ ಒಂದ್ ತೂತು ಸರಸು," ಅಂದರು. ಕಿರಿದು ಮಾಡೋಕೆ ಹೋದೆ.

"ಆ ಕಡೆ ಅಲ್ಲೋ. ಅಗಲ ಮಾಡು."